ಕೈ ತೊಳೆಯಿರಿ ಅಂದ ವೈದ್ಯ: ಸೆಮ್ಮೆಲ್‌ವೈಸ್

ಹೆರಿಗೆ ಅಂದರೆ ಹೆಣ್ಣಿಗೆ ಮರುಹುಟ್ಟು ಅಂತ ನಮ್ಮ ಹಿರಿಯರು ಹೇಳುತ್ತಿದ್ದುದು ಬಾಯಿಮಾತಿಗಲ್ಲ. ಹೆರಿಗೆ ಮನೆಗೆ ಹೋದವಳು ಎದ್ದು ಹೊರಗೆ ಬರುತ್ತಾಳೆ ಅನ್ನುವ ಭರವಸೆ ಯಾರಿಗೂ ಇರಲಿಲ್ಲ, ಅದಕ್ಕೇ ಹಾಗೆ ಹೇಳುತ್ತಿದ್ದರು. ಹೆರಿಗೆ ಸುಸೂತ್ರವಾಗಿ ಆಗಿ, ಮಗು ಅತ್ತು, ಮನೆಯವರೆಲ್ಲ ಉಸಿರು ಬಿಟ್ಟ ಮೇಲೂ ಅಪಾಯ ತಪ್ಪುತ್ತಿರಲಿಲ್ಲ. ಎರಡು ಮೂರು ದಿನ ಕಳೆದ ಮೇಲೆ ಬಾಣಂತಿಗೆ ಚಳಿ ಹತ್ತುತ್ತಿತ್ತು. ಮೈ ಕೆಂಡದಂತೆ ಸುಡುತ್ತಿತ್ತು, ಹೊಟ್ಟೆ ಉಬ್ಬಿ ಮುಟ್ಟಲಾರದಷ್ಟು ನೋಯುತ್ತಿತ್ತು, ಆಮೇಲೆ ಬಡಬಡಿಕೆ, ಆಮೇಲೆ ಸಾವು. ಇದನ್ನು ನಮ್ಮಲ್ಲಿ ಬಾಣಂತಿ ನಂಜು ಅಂದರು, ವೈದ್ಯರು ಸೂತಿಕಾಜ್ವರ ಅಂದರು. ನಮ್ಮ ಊರುಗಳಲ್ಲಿ ಮಾತ್ರವಲ್ಲ, ಯುರೋಪಿನ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಇದೇ ಕಥೆ.

ಈ ಜ್ವರವನ್ನು ಒಂದು ಬೋಗುಣಿ ಸುಣ್ಣದ ನೀರಿನಿಂದ ತಡೆದು ತೋರಿಸಿದ ವೈದ್ಯನೊಬ್ಬನಿದ್ದ. ಹೆಸರು ಇಗ್ನಾಜ್ ಸೆಮ್ಮೆಲ್‌ವೈಸ್. ವಿಜ್ಞಾನ ಓದುವ ಗೆಳೆಯರಿಗೆ ಈ ಹೆಸರು ಪಠ್ಯಪುಸ್ತಕದ ಯಾವುದೋ ಮೂಲೆಯಲ್ಲಿ ಒಂದೂವರೆ ಸಾಲಿನಲ್ಲಿ ಸಿಕ್ಕಿರಬಹುದು. ಕಲೆ, ವಾಣಿಜ್ಯ ಓದುವ ನಮ್ಮಂಥವರಿಗೆ ಅಷ್ಟೂ ಸಿಕ್ಕುವುದಿಲ್ಲ. ಆದರೆ ಇವನ ಬಾಳು ವೈದ್ಯರಿಗೆ ಮಾತ್ರ ಸೇರಿದ್ದಲ್ಲ. ಸತ್ಯ ಕೈಗೆ ಸಿಕ್ಕಿದ ಮೇಲೂ ಅದನ್ನು ಲೋಕಕ್ಕೆ ಒಪ್ಪಿಸುವುದು ಎಷ್ಟು ಕಷ್ಟ, ಒಪ್ಪಿಸದೆ ಹೋದರೆ ಎಷ್ಟು ಜೀವ ಹೋಗುತ್ತದೆ ಅನ್ನುವುದನ್ನು ತಿಳಿಯಬೇಕಾದವರೆಲ್ಲರೂ ಇದನ್ನು ಓದಬೇಕು.

ಸೆಮ್ಮೆಲ್‌ವೈಸ್ ಹುಟ್ಟಿದ್ದು ೧೮೧೮ರ ಜುಲೈ ೧ರಂದು, ಹಂಗೇರಿಯ ಬುಡಾ ಪಟ್ಟಣದಲ್ಲಿ. ಇಂದಿನ ಬುಡಾಪೆಸ್ಟ್ ಆಗ ಒಂದೂರಾಗಿರಲಿಲ್ಲ. ಡ್ಯಾನ್ಯೂಬ್ ನದಿಯ ಒಂದು ದಡಕ್ಕೆ ಬುಡಾ, ಇನ್ನೊಂದು ದಡಕ್ಕೆ ಪೆಸ್ಟ್. ಅಪ್ಪ ಕಿರಾಣಿ ವ್ಯಾಪಾರಿ, ಸಾಕಷ್ಟು ಅನುಕೂಲಸ್ಥ. ಮನೆ ತುಂಬ ಮಕ್ಕಳು. ಮನೆಮಾತು ಜರ್ಮನ್, ನಾಡು ಹಂಗೇರಿ, ಆಳುವವರು ವಿಯೆನ್ನಾದ ಚಕ್ರವರ್ತಿಗಳು. ಮನೆಯಲ್ಲೊಂದು ಭಾಷೆ, ಬೀದಿಯಲ್ಲೊಂದು ಭಾಷೆ, ಕಚೇರಿಯಲ್ಲೊಂದು ದೊರೆತನ. ಹೊರನಾಡಿನಲ್ಲಿ ಓದುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

೧೮೩೭ರಲ್ಲಿ ಹುಡುಗ ಕಾನೂನು ಓದುವುದಕ್ಕೆಂದು ವಿಯೆನ್ನಾಕ್ಕೆ ಹೋದ. ವರ್ಷ ಕಳೆಯುವುದರೊಳಗೆ ಕಾನೂನು ಬಿಟ್ಟು ವೈದ್ಯಕೀಯಕ್ಕೆ ಸೇರಿದ. ೧೮೪೪ರಲ್ಲಿ ಪದವಿ ಸಿಕ್ಕಿತು. ೧೮೪೬ರ ಜುಲೈನಲ್ಲಿ ವಿಯೆನ್ನಾದ ಜನರಲ್ ಆಸ್ಪತ್ರೆಯ ಒಂದನೆಯ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಯೊಹಾನ್ ಕ್ಲೈನ್ ಅವರ ಕೈಕೆಳಗೆ ಸಹಾಯಕನಾಗಿ ಸೇರಿಕೊಂಡ. ಆಗ ವಯಸ್ಸು ಇಪ್ಪತ್ತೆಂಟು.

ಆ ಆಸ್ಪತ್ರೆಯ ಏರ್ಪಾಡನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕೆಂದರೆ ಕಥೆಯ ಗುಟ್ಟೆಲ್ಲ ಅದರಲ್ಲೇ ಇದೆ. ಅದು ಬಡವರ ಆಸ್ಪತ್ರೆ. ಉಳ್ಳವರು ಮನೆಯಲ್ಲೇ ಹೆರುತ್ತಿದ್ದರು. ಇಲ್ಲಿಗೆ ಬರುತ್ತಿದ್ದವರು ಕೂಲಿ ಹೆಂಗಸರು, ಮನೆಗೆಲಸದವರು, ಮದುವೆಯಿಲ್ಲದೆ ಬಸುರಾದ ಹುಡುಗಿಯರು. ಹೆರಿಗೆ ಪುಕ್ಕಟೆ, ಕೂಸನ್ನು ಸಾಕುವುದಕ್ಕೆ ಅನಾಥಾಲಯದ ವ್ಯವಸ್ಥೆಯೂ ಉಂಟು. ಅದಕ್ಕೆ ಪ್ರತಿಯಾಗಿ ಆ ಹೆಂಗಸರು ವಿದ್ಯಾರ್ಥಿಗಳ ಪಾಠಕ್ಕೆ ತಮ್ಮ ಮೈ ಒಪ್ಪಿಸಬೇಕು. ಹೆರಿಗೆ ವಿಭಾಗಗಳು ಎರಡು. ಒಂದನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳಿಗೆ ಪಾಠ. ಎರಡನೆಯದರಲ್ಲಿ ಸೂಲಗಿತ್ತಿಯರಿಗೆ ಪಾಠ. ಎರಡೂ ಒಂದೇ ಆಸ್ಪತ್ರೆಯೊಳಗೆ, ಒಂದರ ಪಕ್ಕಕ್ಕೆ ಒಂದು. ಬಸುರಿಯರನ್ನು ಸೇರಿಸಿಕೊಳ್ಳುವುದು ದಿನ ಬಿಟ್ಟು ದಿನ: ಇವತ್ತು ಇಲ್ಲಿ, ನಾಳೆ ಅಲ್ಲಿ.

ಈಗ ಲೆಕ್ಕ ನೋಡಿ. ೧೮೪೧ರಿಂದ ೧೮೪೬ರವರೆಗೆ ಆರು ವರ್ಷಗಳಲ್ಲಿ ಒಂದನೆಯ ವಿಭಾಗದಲ್ಲಿ ಹೆರಿಗೆಯಾದದ್ದು ೨೦,೦೪೨. ಸತ್ತ ತಾಯಂದಿರು ೧,೯೮೯. ಅಂದರೆ ನೂರಕ್ಕೆ ಹತ್ತು. ಅದೇ ಅವಧಿಯಲ್ಲಿ ಎರಡನೆಯ ವಿಭಾಗದಲ್ಲಿ ೧೭,೭೯೧ ಹೆರಿಗೆ, ೬೯೧ ಸಾವು. ಅಂದರೆ ನೂರಕ್ಕೆ ನಾಲ್ಕಕ್ಕೂ ಕಡಿಮೆ. ೧೮೪೬ನ್ನು ಮಾತ್ರ ತೆಗೆದುಕೊಂಡರೆ ಇನ್ನೂ ಘೋರ: ಒಂದನೆಯದರಲ್ಲಿ ೪,೦೧೦ ಹೆರಿಗೆಗೆ ೪೫೯ ಸಾವು, ಎರಡನೆಯದರಲ್ಲಿ ೩,೭೫೪ಕ್ಕೆ ೧೦೫. ಓದಿದ ಡಾಕ್ಟರುಗಳ ಕೈಯಲ್ಲಿ ಸಾಯುವವರು ಸೂಲಗಿತ್ತಿಯರ ಕೈಯಲ್ಲಿ ಸಾಯುವವರ ನಾಲ್ಕು ಪಾಲು!

ಈ ಲೆಕ್ಕ ಪ್ರೊಫೆಸರುಗಳಿಗೆ ಕಾಣದಿದ್ದರೂ ಊರ ಹೆಂಗಸರಿಗೆ ಗೊತ್ತಿತ್ತು. ನೋವು ಶುರುವಾಗಿ ಆಸ್ಪತ್ರೆಗೆ ಬಂದವಳಿಗೆ ಇವತ್ತು ಒಂದನೆಯ ವಿಭಾಗದ ದಿನ ಅಂತ ಗೊತ್ತಾದರೆ ಮೊಣಕಾಲೂರಿ, ಕೈಮುಗಿದು, ನನ್ನನ್ನು ಅಲ್ಲಿಗೆ ಹಾಕಬೇಡಿ ಅಂತ ಗೋಗರೆಯುತ್ತಿದ್ದಳು. ಕೆಲವರು ಬೇಕೆಂದೇ ತಡಮಾಡಿ ಬೀದಿಯಲ್ಲೇ ಹೆತ್ತು, ಆಮೇಲೆ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಸೋಜಿಗ ಏನೆಂದರೆ, ಹೀಗೆ ಬೀದಿಯಲ್ಲಿ ಹೆತ್ತವರಿಗೆ ಈ ಜ್ವರ ಅಷ್ಟಾಗಿ ಬರುತ್ತಿರಲಿಲ್ಲ. ಆಸ್ಪತ್ರೆಗಿಂತ ಬೀದಿ ವಾಸಿ! ಸೆಮ್ಮೆಲ್‌ವೈಸನ ನಿದ್ದೆ ಕೆಡಿಸಿದ್ದು ಈ ಸಂಗತಿ.

ಆ ಕಾಲದ ಪಂಡಿತರು ಈ ಜ್ವರಕ್ಕೆ ಕೊಡುತ್ತಿದ್ದ ಕಾರಣಗಳು ಒಂದೆರಡಲ್ಲ. ಕೆಟ್ಟ ಗಾಳಿ ಅಂದರು, ಭೂಮಿ ಆಕಾಶಗಳ ಪ್ರಭಾವ ಅಂದರು. ಎದೆಹಾಲು ದಾರಿ ತಪ್ಪಿ ಹೊಟ್ಟೆಗಿಳಿಯಿತು ಅಂತ ಅದಕ್ಕೂ ಹಿಂದಿನವರು ಹೇಳಿದ್ದರು. ಸೆಮ್ಮೆಲ್‌ವೈಸ್ ಒಂದೊಂದನ್ನೇ ಹಿಡಿದು ಒರೆಗೆ ಹಚ್ಚಿದ. ಗಾಳಿಯ ದೋಷವಾದರೆ ಎರಡೂ ವಿಭಾಗಕ್ಕೆ ಗಾಳಿ ಒಂದೇ ಅಲ್ಲವೆ? ಜನಸಂದಣಿ ಕಾರಣವೆ? ಸಂದಣಿ ಹೆಚ್ಚಾಗಿದ್ದದ್ದು ಎರಡನೆಯದರಲ್ಲೇ, ಯಾಕೆಂದರೆ ಎಲ್ಲರಿಗೂ ಬೇಕಾದದ್ದು ಅದು. ಊಟ, ಹಾಸಿಗೆಗಳಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಸಾಯುವವರಿಗೆ ಕೊನೆಯ ಸಂಸ್ಕಾರ ಕೊಡುವ ಪಾದ್ರಿ ಗಂಟೆ ಬಾರಿಸಿಕೊಂಡು ಒಂದನೆಯ ವಿಭಾಗದ ವಾರ್ಡುಗಳ ನಡುವೆಯೇ ಹೋಗಬೇಕಿತ್ತು, ಆ ಗಂಟೆಯ ದಿಗಿಲಿಗೇ ಬಾಣಂತಿಯರು ಸಾಯುತ್ತಾರೆ ಅಂತ ಒಬ್ಬರು ಹೇಳಿದರು. ಸೆಮ್ಮೆಲ್‌ವೈಸ್ ಪಾದ್ರಿಯನ್ನು ಕೇಳಿಕೊಂಡು ಗಂಟೆ ನಿಲ್ಲಿಸಿದ, ಸುತ್ತು ದಾರಿಯಲ್ಲಿ ಬರುವಂತೆ ಮಾಡಿದ. ಸಾವು ನಿಲ್ಲಲಿಲ್ಲ. ಎರಡನೆಯದರಲ್ಲಿ ಹೆಂಗಸರನ್ನು ಮಗ್ಗುಲಾಗಿ ಮಲಗಿಸಿ ಹೆರಿಗೆ ಮಾಡಿಸುತ್ತಾರೆ ಅಂತ ತಿಳಿದು ಇಲ್ಲೂ ಹಾಗೇ ಮಾಡಿಸಿದ. ಅದರಿಂದಲೂ ಏನೂ ಆಗಲಿಲ್ಲ.

ಈ ನಡುವೆ ನೌಕರಿಯದೇ ಒಂದು ತಾಪತ್ರಯ. ಹಿಂದಿನ ಸಹಾಯಕ ತಿರುಗಿ ಬಂದದ್ದರಿಂದ ೧೮೪೬ರ ಅಕ್ಟೋಬರಿನಲ್ಲಿ ಸೆಮ್ಮೆಲ್‌ವೈಸ್ ಜಾಗ ಬಿಟ್ಟುಕೊಡಬೇಕಾಯಿತು. ಆ ಮನುಷ್ಯನಿಗೆ ಬೇರೆ ಕಡೆ ಕೆಲಸ ಸಿಕ್ಕಿದ ಮೇಲೆ ೧೮೪೭ರ ಮಾರ್ಚಿನಲ್ಲಿ ಮತ್ತೆ ಅದೇ ಕುರ್ಚಿ. ಆಗ ಮನಸ್ಸು ಹಗುರ ಮಾಡಿಕೊಳ್ಳೋಣವೆಂದು ಗೆಳೆಯರ ಜೊತೆ ವೆನಿಸ್ಸಿಗೆ ಹೋಗಿದ್ದ. ತಿರುಗಿ ಬರುವಷ್ಟರಲ್ಲಿ ಒಂದು ಕೆಟ್ಟ ಸುದ್ದಿ ಕಾದಿತ್ತು. ಅವನು ಬಹಳ ಗೌರವಿಸುತ್ತಿದ್ದ ಪ್ರೊಫೆಸರ್ ಕೊಲೆಟ್ಷ್ಕಾ ತೀರಿಕೊಂಡಿದ್ದರು. ಹೆಣ ಕೊಯ್ಯುವ ಪಾಠ ನಡೆಯುವಾಗ ವಿದ್ಯಾರ್ಥಿಯೊಬ್ಬನ ಕತ್ತಿ ಅವರ ಬೆರಳಿಗೆ ತಾಗಿತ್ತಂತೆ. ಸಣ್ಣ ಗಾಯ. ಅದೇ ನಂಜಾಗಿ, ಮೈಗೆಲ್ಲ ಏರಿ, ಪ್ರಾಣ ತೆಗೆಯಿತು.

ದುಃಖದಲ್ಲಿಯೇ ಸೆಮ್ಮೆಲ್‌ವೈಸ್ ಅವರ ಮರಣೋತ್ತರ ಪರೀಕ್ಷೆಯ ವರದಿ ಓದಿದ. ಅಲ್ಲಿ ಬರೆದಿದ್ದ ಒಂದೊಂದು ಲಕ್ಷಣವೂ ಅವನಿಗೆ ಮೊದಲೇ ಗೊತ್ತಿತ್ತು. ದಿನಬೆಳಗಾದರೆ ಸತ್ತ ಬಾಣಂತಿಯರ ಒಡಲಲ್ಲಿ ಅವನು ನೋಡುತ್ತಿದ್ದುದು ಅದನ್ನೇ. ಗಂಡಸಿಗೆ ಎಲ್ಲಿಯ ಬಾಣಂತಿ ನಂಜು? ಹಾಗಾದರೆ ಇದು ಬಾಣಂತನದ ರೋಗವೇ ಅಲ್ಲ. ಹೆಣದಿಂದ ಬಂದ ಏನೋ ಒಂದು ಕತ್ತಿಯ ಮೂಲಕ ಪ್ರೊಫೆಸರರ ರಕ್ತಕ್ಕೆ ಸೇರಿತು. ಬಾಣಂತಿಯರಿಗೆ ಯಾವ ಕತ್ತಿ ತಾಗಿತು?

ಉತ್ತರ ಹೊಳೆದಾಗ ಅವನ ಎದೆ ಒಡೆದಿರಬೇಕು. ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಹೆಣದ ಕೋಣೆಯಲ್ಲಿ ಕೊಯ್ದು ನೋಡುತ್ತಿದ್ದರು, ಅಲ್ಲಿಂದ ನೇರ ಹೆರಿಗೆ ವಾರ್ಡಿಗೆ ಬಂದು ಅದೇ ಕೈಯಿಂದ ಬಸುರಿಯರ ಒಳಪರೀಕ್ಷೆ ಮಾಡುತ್ತಿದ್ದರು. ಸಾಬೂನು ಹಾಕಿ ತೊಳೆಯುತ್ತಿದ್ದರು, ನಿಜ. ಆದರೆ ತೊಳೆದ ಮೇಲೂ ಕೈಗೆ ಹೆಣದ ವಾಸನೆ ಉಳಿಯುತ್ತಿತ್ತು. ವಾಸನೆ ಇದ್ದರೆ ವಸ್ತುವೂ ಇದೆ ಅಂತಲೇ ಅರ್ಥ. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ, ಅದಕ್ಕೇ ಅವರ ವಿಭಾಗದಲ್ಲಿ ಸಾವು ಕಡಿಮೆ. ಬೀದಿಯಲ್ಲಿ ಹೆತ್ತವಳನ್ನು ಯಾರೂ ಪರೀಕ್ಷೆ ಮಾಡುತ್ತಿರಲಿಲ್ಲ, ಅದಕ್ಕೇ ಅವಳು ಬದುಕಿದಳು. ಹಳೆಯ ಲೆಕ್ಕಗಳೂ ಇದಕ್ಕೇ ಸಾಕ್ಷಿ ಹೇಳಿದವು. ಕ್ಲೈನ್‌ಗಿಂತ ಮುಂಚೆ ಇದ್ದ ಪ್ರೊಫೆಸರ್ ಬೋಯರ್ ಕಾಲದಲ್ಲಿ ಹೆರಿಗೆ ಪಾಠಕ್ಕೆ ಹೆಣ ಬಳಸುತ್ತಿರಲಿಲ್ಲ, ಬೊಂಬೆ ಸಾಕಾಗಿತ್ತು. ಆಗ ಸಾವು ನೂರಕ್ಕೆ ಒಂದರ ಆಸುಪಾಸು. ಅವರು ಹೋಗಿ ಹೆಣ ಬಂದ ಮೇಲೆ ಸಾವೂ ಏರಿತು.

ಇನ್ನೂ ಒಂದು ಮಾತಿದೆ. ಸೆಮ್ಮೆಲ್‌ವೈಸ್ ಶ್ರದ್ಧೆಯ ಮನುಷ್ಯ. ಸತ್ತ ಬಾಣಂತಿಯರಿಗೆ ನ್ಯಾಯ ಸಿಗಲಿ, ಕಾರಣ ತಿಳಿಯಲಿ ಅಂತ ಎಲ್ಲರಿಗಿಂತ ಹೆಚ್ಚು ಹೆಣ ಕೊಯ್ದವನು ಅವನೇ. ಅಂದ ಮೇಲೆ ಎಲ್ಲರಿಗಿಂತ ಹೆಚ್ಚು ನಂಜು ಹೊತ್ತು ವಾರ್ಡಿಗೆ ಬಂದವನೂ ಅವನೇ. ಎಷ್ಟು ಹೆಂಗಸರು ತನ್ನಿಂದ ಮಣ್ಣು ಸೇರಿದರೋ ದೇವರಿಗೇ ಗೊತ್ತು ಅಂತ ಆಮೇಲೆ ಬಹಿರಂಗವಾಗಿ ಬರೆದುಕೊಂಡ. ಬೇರೆ ಯಾವ ಪ್ರೊಫೆಸರಿಗೂ ಅಷ್ಟು ಧೈರ್ಯ ಬರಲಿಲ್ಲ. ಜರ್ಮನಿಯ ಕೀಲ್ ಊರಿನ ಮಿಖಾಯೆಲಿಸ್ ಎಂಬ ವೈದ್ಯನೊಬ್ಬ ಮಾತ್ರ ಇದನ್ನು ನಂಬಿ, ತಾನು ಹೆರಿಗೆ ಮಾಡಿಸಿದ ಸ್ವಂತ ಬಂಧುವಿನ ಸಾವಿಗೆ ತಾನೇ ಕಾರಣವೆಂದು ಕೊರಗಿ, ೧೮೪೮ರಲ್ಲಿ ರೈಲಿಗೆ ತಲೆ ಕೊಟ್ಟ.

೧೮೪೭ರ ಮೇ ತಿಂಗಳ ನಡುವೆ ಸೆಮ್ಮೆಲ್‌ವೈಸ್ ತನ್ನ ವಿಭಾಗದ ಬಾಗಿಲಲ್ಲಿ ಕ್ಲೋರಿನ್ ದ್ರಾವಣ ಇಡಿಸಿದ. ಅದು ದುಬಾರಿ ಅನ್ನಿಸಿದಾಗ ಅಗ್ಗದ ಬ್ಲೀಚಿಂಗ್ ಪೌಡರ್ ನೀರು. ಪ್ರೊಫೆಸರಾಗಲಿ ವಿದ್ಯಾರ್ಥಿಯಾಗಲಿ, ಅದರಲ್ಲಿ ಕೈ ತಿಕ್ಕಿ ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಕೈ ಉರಿಯುತ್ತದೆ, ಚರ್ಮ ಸುಲಿಯುತ್ತದೆ, ಹೊತ್ತು ಹಾಳು ಅಂತ ಗೊಣಗಿದರು. ಆತ ಬಿಡಲಿಲ್ಲ. ಏಪ್ರಿಲಿನಲ್ಲಿ ನೂರಕ್ಕೆ ಹದಿನೆಂಟು ತಾಯಂದಿರು ಸತ್ತಿದ್ದರು. ಜೂನ್‌ನಲ್ಲಿ ನೂರಕ್ಕೆ ಎರಡು ಚಿಲ್ಲರೆ. ಜುಲೈನಲ್ಲಿ ಒಂದು ಚಿಲ್ಲರೆ. ಮರುವರ್ಷ, ೧೮೪೮ರಲ್ಲಿ, ೩,೫೫೬ ಹೆರಿಗೆಗೆ ೪೫ ಸಾವು. ಸೂಲಗಿತ್ತಿಯರ ವಿಭಾಗಕ್ಕೆ ಸರಿಸಮ! ಆ ವರ್ಷ ಮಾರ್ಚಿನಲ್ಲೊಮ್ಮೆ, ಆಗಸ್ಟಿನಲ್ಲೊಮ್ಮೆ ಇಡೀ ತಿಂಗಳು ಒಂದು ಸಾವೂ ಇಲ್ಲ. ಒಂದನೆಯ ವಿಭಾಗದಲ್ಲಿ ಇಂಥದನ್ನು ಕಂಡವರೇ ಇರಲಿಲ್ಲ.

ನಡುವೆ ಒಂದು ಪೆಟ್ಟು ಬಿತ್ತು. ೧೮೪೭ರ ಅಕ್ಟೋಬರಿನಲ್ಲಿ ಗರ್ಭಕೋಶದ ಕ್ಯಾನ್ಸರ್ ಇದ್ದ ಹೆಂಗಸೊಬ್ಬಳು ಮೊದಲ ಮಂಚದಲ್ಲಿದ್ದಳು. ಅವಳನ್ನು ಪರೀಕ್ಷಿಸಿದ ವೈದ್ಯರು ಬರೀ ಸಾಬೂನಿನಿಂದ ಕೈ ತೊಳೆದು ಪಕ್ಕದ ಹನ್ನೆರಡು ಹೆಂಗಸರನ್ನು ಪರೀಕ್ಷಿಸಿದರು. ಹನ್ನೊಂದು ಮಂದಿ ಸತ್ತರು. ಇಲ್ಲಿ ಹೆಣವಿರಲಿಲ್ಲ. ಅಂದ ಮೇಲೆ ಬದುಕಿರುವವರ ಕೊಳೆತ ಗಾಯದಿಂದಲೂ ನಂಜು ಹರಡುತ್ತದೆ ಅಂತಾಯಿತು. ಅಲ್ಲಿಂದ ಮುಂದೆ ಒಬ್ಬಳನ್ನು ಮುಟ್ಟಿ ಇನ್ನೊಬ್ಬಳನ್ನು ಮುಟ್ಟುವ ಮೊದಲು ಕೈ ತೊಳೆಯಲೇಬೇಕು ಅಂತ ನಿಯಮ ಬಿಗಿಮಾಡಿದ.

ಇಷ್ಟಾದ ಮೇಲೆ ಜಗತ್ತು ಅವನನ್ನು ಹೊತ್ತು ಮೆರೆಸಿರಬೇಕು ಅಂದುಕೊಳ್ಳುತ್ತೀರಿ ಅಲ್ಲವೆ? ಆದದ್ದೇ ಬೇರೆ. ಹೆಬ್ರಾ, ಸ್ಕೋಡಾ, ರೊಕಿಟಾನ್ಸ್ಕಿಯಂಥ ಕೆಲವು ದೊಡ್ಡ ವೈದ್ಯರು ಬೆಂಬಲಕ್ಕೆ ನಿಂತರು. ಹೆಬ್ರಾ ತಾವಾಗಿ ಲೇಖನ ಬರೆದು ಸುದ್ದಿ ಮುಟ್ಟಿಸಿದರು. ಆದರೆ ಬಹಳ ಮಂದಿಗೆ ಇದು ಬೇಡವಾಗಿತ್ತು. ಕಾರಣ ಊಹಿಸುವುದು ಕಷ್ಟವಲ್ಲ. ಗಾಳಿ ಕೆಟ್ಟದ್ದು ಅಂದರೆ ಯಾರಿಗೂ ನೋವಿಲ್ಲ. ವೈದ್ಯನ ಕೈ ಕೆಟ್ಟದ್ದು ಅಂದರೆ? ಕುಲೀನ ಮನೆತನದ ಪ್ರೊಫೆಸರುಗಳು ತಮ್ಮ ಕೈ ಕೊಳಕು ಅಂತ ಒಪ್ಪಬೇಕು, ಒಪ್ಪಿದರೆ ಇಷ್ಟು ವರ್ಷ ಸತ್ತವರ ಲೆಕ್ಕವನ್ನೂ ತಲೆಗೆ ಕಟ್ಟಿಕೊಳ್ಳಬೇಕು. ಜೊತೆಗೆ ಶಾಸ್ತ್ರದ ತಕರಾರೂ ಇತ್ತು. ರೋಗಕ್ಕೆ ನೂರು ಕಾರಣ ಅಂತ ನಂಬಿದ ಕಾಲದಲ್ಲಿ ಇವನೊಬ್ಬ ಒಂದೇ ಕಾರಣ ಹೇಳುತ್ತಾನೆ. ಆ ನಂಜಿನ ವಸ್ತು ಎಂಥದು ಅಂತ ತೋರಿಸು ಅಂದರೆ ತೋರಿಸಲಾರ, ಏಕೆಂದರೆ ರೋಗಾಣುಗಳ ವಿಷಯ ಇನ್ನೂ ಯಾರಿಗೂ ಸ್ಪಷ್ಟವಿರಲಿಲ್ಲ.

ಇವನ ತಪ್ಪೂ ಇಲ್ಲದಿಲ್ಲ. ಸೆಮ್ಮೆಲ್‌ವೈಸ್ ಬರೆಯುವುದಕ್ಕೆ ಹಿಂಜರಿಯುತ್ತಿದ್ದ. ಅಂಕಿ ಅಂಶಗಳು ಕೈಯಲ್ಲಿದ್ದೂ ಅಚ್ಚಿಗೆ ಕೊಡಲಿಲ್ಲ. ಗೆಳೆಯರು ಒತ್ತಾಯ ಮಾಡಿ ಮಾಡಿ ೧೮೫೦ರಲ್ಲಿ ವಿಯೆನ್ನಾದ ವೈದ್ಯರ ಸಂಘದ ಮುಂದೆ ಮಾತಾಡಿಸಿದರು. ಅಷ್ಟರಲ್ಲಿ ೧೮೪೮ರ ಕ್ರಾಂತಿ ಬಂದು ಹೋಗಿತ್ತು. ಹಂಗೇರಿಯವರು ಚಕ್ರವರ್ತಿಯ ವಿರುದ್ಧ ಎದ್ದಿದ್ದರು, ವಿಯೆನ್ನಾದಲ್ಲಿ ಹಂಗೇರಿಯವನನ್ನು ಕಂಡರೆ ಅನುಮಾನ. ೧೮೪೯ರಲ್ಲಿ ಸಹಾಯಕನ ಅವಧಿ ಮುಗಿದಾಗ ಕ್ಲೈನ್ ಮುಂದುವರಿಸಲಿಲ್ಲ. ಪಾಠ ಹೇಳಲು ಅನುಮತಿ ಕೇಳಿದರೆ ವರ್ಷವಿಡೀ ಕಾಯಿಸಿ, ಕೊನೆಗೆ ೧೮೫೦ರಲ್ಲಿ, ಬೊಂಬೆಯ ಮೇಲೆ ಮಾತ್ರ ಪಾಠ ಹೇಳಬಹುದು ಅಂತ ಕಟ್ಟು ಹಾಕಿ ಕೊಟ್ಟರು. ಅವಮಾನ ತಡೆಯಲಾಗಲಿಲ್ಲ. ಬೆನ್ನಿಗೆ ನಿಂತ ಗೆಳೆಯರಿಗೂ ಒಂದು ಮಾತು ಹೇಳದೆ, ಕೆಲವೇ ದಿನಗಳಲ್ಲಿ ಗಂಟುಮೂಟೆ ಕಟ್ಟಿ ಪೆಸ್ಟ್‌ಗೆ ಹೊರಟುಹೋದ. ಹೇಳದೆ ಹೋದದ್ದು ಅವನ ಪರ ವಾದಿಸಿದವರಿಗೂ ನೋವು ಕೊಟ್ಟಿತು.

ತಾಯ್ನಾಡಿನಲ್ಲಿ ೧೮೫೧ರಲ್ಲಿ ಸೇಂಟ್ ರೋಕಸ್ ಆಸ್ಪತ್ರೆಯ ಹೆರಿಗೆ ವಿಭಾಗ ಅವನ ಕೈಗೆ ಬಂತು. ಸಂಬಳವಿಲ್ಲದ ಗೌರವ ಹುದ್ದೆ. ಅಲ್ಲಿಯೂ ಅದೇ ಬ್ಲೀಚಿಂಗ್ ನೀರು, ಅದೇ ಹಟ. ೧೮೫೧ರಿಂದ ೧೮೫೫ರವರೆಗೆ ೯೩೩ ಹೆರಿಗೆಗಳಲ್ಲಿ ಈ ಜ್ವರದಿಂದ ಸತ್ತವರು ೮ ಮಂದಿ ಮಾತ್ರ. ೧೮೫೫ರಲ್ಲಿ ಪೆಸ್ಟ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆದ. ೧೮೫೭ರಲ್ಲಿ ಮಾರಿಯಾ ಎಂಬ ಹುಡುಗಿಯೊಡನೆ ಮದುವೆಯಾಯಿತು. ಐದು ಮಕ್ಕಳು ಹುಟ್ಟಿದರು, ಎರಡು ಬೇಗ ತೀರಿಕೊಂಡವು. ಜ್ಯೂರಿಕ್ಕಿನಿಂದ ಪ್ರೊಫೆಸರ್ ಹುದ್ದೆಗೆ ಕರೆ ಬಂದರೂ ಹೋಗಲಿಲ್ಲ.

ಕೈ ತೊಳೆಸಲು ಆರಂಭಿಸಿ ಹದಿಮೂರು ವರ್ಷ ಕಳೆದ ಮೇಲೆ, ೧೮೬೧ರ ಮುದ್ರೆ ಹೊತ್ತು, ಅವನ ದೊಡ್ಡ ಪುಸ್ತಕ ಹೊರಬಂತು. ಸೂತಿಕಾಜ್ವರದ ಕಾರಣ, ಸ್ವರೂಪ, ತಡೆಗಟ್ಟುವಿಕೆ ಅದರ ವಿಷಯ. ಪುಟ ಪುಟಕ್ಕೂ ಲೆಕ್ಕದ ಪಟ್ಟಿ. ಜೊತೆಗೆ ವಿರೋಧಿಗಳ ಮೇಲೆ ಉರಿಯುವ ಸಿಟ್ಟು. ಯುರೋಪಿನ ಹೆಚ್ಚಿನ ಪ್ರೊಫೆಸರುಗಳು ಮುಖ ತಿರುಗಿಸಿದರು. ಆಗ ಅವನು ಬಹಿರಂಗ ಪತ್ರಗಳನ್ನು ಅಚ್ಚು ಹಾಕಿಸಿ ಹಂಚತೊಡಗಿದ. ಹೆಸರು ಹಿಡಿದು, ನೀವು ಕೊಲೆಗಾರರು ಅಂತ ಬರೆದ. ಸಿಟ್ಟಿಗೆ ಕಾರಣವಿತ್ತು. ಅವನು ಒಂದು ಪತ್ರ ಬರೆದು ಮುಗಿಸುವಷ್ಟರಲ್ಲಿ ಎಲ್ಲೋ ಒಬ್ಬ ತಾಯಿ ಸಾಯುತ್ತಿದ್ದಳು, ಸಾಯಬೇಕಾಗಿಲ್ಲದೆ ಸಾಯುತ್ತಿದ್ದಳು. ಆದರೆ ಕೊಲೆಗಾರ ಅನ್ನಿಸಿಕೊಂಡವನು ಕೈ ತೊಳೆಯುವುದಕ್ಕೆ ಎದ್ದಾನೆಯೆ? ಹಟಕ್ಕೆ ಬಿದ್ದು ಇನ್ನಷ್ಟು ಬೆನ್ನು ತಿರುಗಿಸಿದ.

ಬರಬರುತ್ತ ಅವನ ನಡವಳಿಕೆಯೇ ಬದಲಾಯಿತು. ಮಾತು ಯಾವುದೇ ಇರಲಿ, ತಿರುಗಿಸಿ ಈ ಜ್ವರಕ್ಕೇ ತರುತ್ತಿದ್ದ. ಮರೆವು, ರೇಗು, ಕುಡಿತ. ಕಾಯಿಲೆ ಯಾವುದೆಂದು ಇವತ್ತಿಗೂ ಪಂಡಿತರಲ್ಲಿ ಒಮ್ಮತವಿಲ್ಲ. ೧೮೬೫ರ ಜುಲೈ ಕೊನೆಯಲ್ಲಿ ಅವನನ್ನು ವಿಯೆನ್ನಾಕ್ಕೆ ಕರೆದೊಯ್ದರು. ಹಳೆಯ ಗೆಳೆಯ ಹೆಬ್ರಾ ರೈಲು ನಿಲ್ದಾಣಕ್ಕೆ ಬಂದು, ಹೊಸದೊಂದು ಆಸ್ಪತ್ರೆ ತೋರಿಸುತ್ತೇನೆ ಅನ್ನುವ ನೆಪದಲ್ಲಿ ಹುಚ್ಚಾಸ್ಪತ್ರೆಗೆ ಒಯ್ದು ಬಿಟ್ಟರು. ಮೋಸ ತಿಳಿದು ಹೊರಡಲು ನೋಡಿದಾಗ ಕಾವಲುಗಾರರು ಹೊಡೆದು, ಕೈಕಟ್ಟಿ, ಕತ್ತಲೆ ಕೋಣೆಗೆ ತಳ್ಳಿದರು. ಎರಡು ವಾರದ ಮೇಲೆ, ಆಗಸ್ಟ್ ೧೩ರಂದು, ತೀರಿಕೊಂಡ. ವಯಸ್ಸು ನಲವತ್ತೇಳು. ಗಾಯ ಕೊಳೆತು ರಕ್ತಕ್ಕೆ ನಂಜೇರಿದ್ದು ಸಾವಿಗೆ ಕಾರಣ. ಕೊಲೆಟ್ಷ್ಕಾ ಸತ್ತದ್ದೂ ಹಾಗೇ, ಆ ಸಾವಿರಾರು ಬಾಣಂತಿಯರು ಸತ್ತದ್ದೂ ಹಾಗೇ.

ಮಣ್ಣಿಗೆ ಬಂದವರು ಬೆರಳೆಣಿಕೆಯ ಜನ. ಪೆಸ್ಟ್‌ನಲ್ಲಿ ಅವನ ಜಾಗಕ್ಕೆ ಬೇರೊಬ್ಬರು ಬಂದರು, ತಾಯಂದಿರ ಸಾವು ಆರು ಪಟ್ಟು ಏರಿತು. ಯಾರೂ ಕೇಳಲಿಲ್ಲ.

ಕಾಲದ ಆಟ ನೋಡಿ. ಅವನು ಸಾಯುವ ಹಿಂದಿನ ದಿನವೇ, ೧೮೬೫ರ ಆಗಸ್ಟ್ ೧೨ರಂದು, ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಕಾಲು ಮುರಿದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದರು. ಗಾಯ ಕೊಳೆಯದೆ ಮಾಯಿತು. ೧೮೭೯ರಲ್ಲಿ ಪ್ಯಾರಿಸ್ಸಿನ ವೈದ್ಯರ ಸಭೆಯಲ್ಲಿ ಲೂಯಿ ಪಾಶ್ಚರ್ ಎದ್ದು ಹೋಗಿ, ಈ ಜ್ವರದ ರೋಗಾಣು ಹೀಗಿರುತ್ತದೆ ಅಂತ ಕರಿಹಲಗೆಯ ಮೇಲೆ ಸರಮಣಿಯಂಥ ಚಿತ್ರ ಬರೆದು ತೋರಿಸಿದರು. ಸೆಮ್ಮೆಲ್‌ವೈಸ್ ತೋರಿಸಲಾರದೆ ಹೋದ ವಸ್ತು ಅದು. ಇನ್ನೊಂದು ಹತ್ತು ಹದಿನೈದು ವರ್ಷ ಬದುಕಿದ್ದರೆ ಕಣ್ಣಾರೆ ನೋಡುತ್ತಿದ್ದ.

ಇವನಿಗಿಂತ ಮೊದಲು ಹೇಳಿದವರೇ ಇರಲಿಲ್ಲವೆ ಅಂದರೆ, ಇದ್ದರು. ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಅಲೆಕ್ಸಾಂಡರ್ ಗಾರ್ಡನ್ ೧೭೯೫ರಲ್ಲೇ ಈ ಜ್ವರವನ್ನು ವೈದ್ಯರೂ ಸೂಲಗಿತ್ತಿಯರೂ ಹೊತ್ತು ತರುತ್ತಾರೆ ಅಂತ ಬರೆದಿದ್ದ. ಬಾಸ್ಟನ್ನಿನಲ್ಲಿ ಆಲಿವರ್ ವೆಂಡೆಲ್ ಹೋಮ್ಸ್ ೧೮೪೩ರಲ್ಲಿ ಅದನ್ನೇ ಹೇಳಿದ್ದ. ಇಬ್ಬರಿಗೂ ಬೈಗುಳವೇ ಸಿಕ್ಕಿತು. ಆದರೆ ಎರಡು ವಾರ್ಡುಗಳ ಲೆಕ್ಕ ಎದುರುಬದುರು ಇಟ್ಟು, ತಡೆಯುವ ದಾರಿಯನ್ನೂ ಮಾಡಿ ತೋರಿಸಿದವನು ಸೆಮ್ಮೆಲ್‌ವೈಸ್.

ಜ್ಞಾನ ಸಿಕ್ಕಿದ ಮಾತ್ರಕ್ಕೆ ತಾಯಂದಿರು ಬದುಕಲಿಲ್ಲ ಅನ್ನುವುದನ್ನೂ ಹೇಳಬೇಕು. ಇಂಗ್ಲೆಂಡಿನಂಥ ದೇಶದಲ್ಲಿ ಪಾಶ್ಚರ್ ಹೇಳಿ ಐವತ್ತು ವರ್ಷವಾದರೂ, ೧೯೩೦ರ ಸುಮಾರಿಗೆ ಸಾವಿರ ಹೆರಿಗೆಗೆ ನಾಲ್ಕು ತಾಯಂದಿರು ಸಾಯುತ್ತಲೇ ಇದ್ದರು. ೧೯೩೬ರ ಹೊತ್ತಿಗೆ ಸಲ್ಫಾ ಔಷಧಿ ಬಂತು, ಆಮೇಲೆ ಪೆನಿಸಿಲಿನ್, ರಕ್ತ ಕೊಡುವ ಅನುಕೂಲ. ೧೯೫೦ರ ಹೊತ್ತಿಗೆ ಸಾವಿರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ನಮ್ಮ ದೇಶದ ಲೆಕ್ಕ? ಈಗ ಲಕ್ಷ ಜನನಕ್ಕೆ ಎಷ್ಟು ತಾಯಂದಿರ ಸಾವು ಅಂತ ಎಣಿಸುತ್ತಾರೆ. ೨೦೦೧-೦೩ರಲ್ಲಿ ಭಾರತದಲ್ಲಿ ಅದು ೩೦೧ ಇತ್ತು. ೨೦೧೮-೨೦ರಲ್ಲಿ ೯೭ಕ್ಕೆ ಇಳಿಯಿತು. ಸೆಮ್ಮೆಲ್‌ವೈಸ್ ಸೇರಿದಾಗಿನ ವಿಯೆನ್ನಾದ ವಾರ್ಡನ್ನು ಇದೇ ಅಳತೆಯಲ್ಲಿ ಹೇಳಿದರೆ ಹನ್ನೊಂದು ಸಾವಿರದ ಮೇಲೆ! ನಾವು ಎಷ್ಟು ದೂರ ಬಂದಿದ್ದೇವೆ ನಿಜ. ಆದರೆ ಅದೇ ೨೦೧೮-೨೦ರಲ್ಲಿ ಕೇರಳ ೧೯, ಮಹಾರಾಷ್ಟ್ರ ೩೩, ತಮಿಳುನಾಡು ೫೪, ನಮ್ಮ ಕರ್ನಾಟಕ ೬೯. ದಕ್ಷಿಣದ ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಮುಂಬಯಿ, ಪುಣೆಯಲ್ಲಿ ಕೂತು ಊರಿನ ಹೆಸರು ಹೇಳಿ ಹೆಮ್ಮೆಪಡುವ ನಾವು ಈ ಅಂಕಿಯನ್ನೂ ಬಾಯಿಪಾಠ ಮಾಡಿಕೊಂಡರೆ ಒಳ್ಳೆಯದು.

ಇನ್ನೊಂದು ಬದಲಾವಣೆ ಆಗಿದೆ. ೨೦೦೫-೦೬ರಲ್ಲಿ ನಮ್ಮ ದೇಶದ ನೂರು ಹೆರಿಗೆಯಲ್ಲಿ ೩೯ ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. ೨೦೧೯-೨೧ರ ಹೊತ್ತಿಗೆ ಅದು ೮೯ಕ್ಕೆ ಹತ್ತಿರ. ರಕ್ತಸ್ರಾವ, ಏರಿದ ರಕ್ತದೊತ್ತಡ ಇಂಥವಕ್ಕೆ ಆಸ್ಪತ್ರೆಯೇ ಗತಿ, ಆದ್ದರಿಂದ ಇದು ಬಹಳ ಒಳ್ಳೆಯ ಸುದ್ದಿ. ಆದರೆ ಎಲ್ಲರೂ ಆಸ್ಪತ್ರೆಗೇ ಬರುವ ಕಾಲದಲ್ಲಿ ವಿಯೆನ್ನಾದ ಹೆಂಗಸರು ಕೇಳಿದ ಪ್ರಶ್ನೆ ಇನ್ನೂ ದೊಡ್ಡದಾಗುತ್ತದೆ: ನಾನು ಬಂದ ಈ ಜಾಗ ಬೀದಿಗಿಂತ ವಾಸಿಯೆ? ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಹಾಕಿದ ದ್ರಾವಣದ ಮೇಲೆ ಸಂಶಯ ಬಂತು, ಸರಕಾರ ಅದರ ಬಳಕೆಯನ್ನು ತಡೆಯಿತು. ಬದುಕಿಸಲೆಂದೇ ಕೊಟ್ಟ ವಸ್ತುವಿನ ಮೇಲೆಯೇ ಸಂಶಯ ಬಂದಾಗ ಸೆಮ್ಮೆಲ್‌ವೈಸ್ ನೆನಪಾಗದೆ ಹೇಗಿದ್ದಾನು?

ಇವತ್ತು ಬುಡಾಪೆಸ್ಟಿನಲ್ಲಿ ಅವನು ಹುಟ್ಟಿದ ಮನೆ ವಸ್ತುಸಂಗ್ರಹಾಲಯವಾಗಿದೆ, ಅಸ್ಥಿ ಅಲ್ಲೇ ಇದೆ. ಅಲ್ಲಿಯ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ೧೯೬೯ರಲ್ಲಿ ಅವನ ಹೆಸರಿಟ್ಟರು. ಇದೆಲ್ಲ ಸರಿಯೇ. ಆದರೆ ಅವನಿಂದ ನಾವು ಕಲಿಯಬೇಕಾದ್ದು ಹೆಚ್ಚು ಸಣ್ಣದು, ಹೆಚ್ಚು ಕಷ್ಟದ್ದು. ಸತ್ತವರು ಬಡವರಾದರೂ ಒಬ್ಬೊಬ್ಬರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಲೆಕ್ಕ ನಮ್ಮ ಕಡೆಗೇ ಬೆರಳು ತೋರಿಸಿದರೂ ಓದಿ ನೋಡಬೇಕು. ಗೊತ್ತಾದದ್ದನ್ನು ತಡಮಾಡದೆ ಬರೆಯಬೇಕು, ಇನ್ನೊಬ್ಬರು ಒಪ್ಪುವ ಹಾಗೆ ಹೇಳಬೇಕು. ಮೊದಲ ಎರಡನ್ನು ಸೆಮ್ಮೆಲ್‌ವೈಸ್ ಮಾಡಿ ತೋರಿಸಿದ. ಮೂರನೆಯದು ಅವನ ಕೈಲಾಗಲಿಲ್ಲ. ನಮ್ಮಲ್ಲಿ ನಾಳೆ ಡಾಕ್ಟರೋ ನರ್ಸೋ ಆಗುವವರಿದ್ದಾರೆ, ಪತ್ರಿಕೆಗೆ ಬರೆಯುವವರಿದ್ದಾರೆ, ಕಚೇರಿಯಲ್ಲಿ ಕೂತು ಅಂಕಿ ಅಂಶ ಬರೆಯುವವರಂತೂ ಬಹಳ ಮಂದಿ ಇದ್ದಾರೆ. ಆ ಮೂರನೆಯ ಕೆಲಸ ನಮ್ಮೆಲ್ಲರ ಪಾಲಿಗೂ ಇದೆ.